ಮೇಷ್ಟ್ರಿಗೆ ಕೇಳಿಸದ ಕೂಗು

ಒಂಬತ್ತನೇ ಕಂತು

“ಇನ್ನ ಎಷ್ಟೊತ್ತು ಐತಿ ಇದು?” ಎಂದು ದ್ಯಾಮಕ್ಕ ಕೇಳಿದಳು.

“ಒಟ್ಟು ಹನ್ನೆರಡು ನಿಮಿಷ ಐತ್ರಿ ಅವ್ವಾ. ನಾಕು ಮುಗದಾವ,” ಎಂದಳು ಶಿವಲೀಲಾ.

ಅಂಗಳದ ಒರಳುಕಲ್ಲಿನ ಮೇಲೆ ಅಂಗೈಯಗಲದ ರೆಕಾರ್ಡರ್ ಇತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್. ಅದರಿಂದ ನೀರು ದಡಕ್ಕೆ ಬಡಿಯುವ ಸದ್ದು ಬರುತ್ತಿತ್ತು, ನಡುನಡುವೆ ಟಿಟ್ಟಿಭ ಹಕ್ಕಿಯ ಕೂಗು. ನೆತ್ತಿ ಸುಡುವ ಬಿಸಿಲಿನಲ್ಲಿ, ಧೂಳೆದ್ದ ಅಂಗಳದಲ್ಲಿ ಕುಳಿತು ಹೊಳೆಯ ಸದ್ದು ಕೇಳುವುದು ವಿಚಿತ್ರವಾಗಿತ್ತು.

ಬೇವಿನ ನೆರಳಿನಲ್ಲಿ ಅರವತ್ತು ಎಪ್ಪತ್ತು ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿದ್ದವು. ಶಿವಲೀಲಾ ನೋಡುತ್ತಿದ್ದುದು ಮುದುಕಿಯ ಮುಖವನ್ನಲ್ಲ, ಆ ಕುರಿಗಳನ್ನು.

ಅವಳ ಅಪ್ಪ ಗುರುಸಂಗಪ್ಪ ಮೇಷ್ಟ್ರು ಹಂಪಸಾಗರದ ಆಚೆ ತುಂಗಭದ್ರೆಯ ಹಿನ್ನೀರಿಗೆ ಹೋಗಿ ಕಾಣೆಯಾಗಿ ಒಂಬತ್ತು ದಿನವಾಗಿತ್ತು. ಕಾಲು ಜಾರಿ ಬಿದ್ದಿದ್ದಾರೆ ಎಂದು ಪೊಲೀಸರು ಬರೆದುಕೊಂಡಿದ್ದರು. ಹೆಣ ಸಿಕ್ಕಿರಲಿಲ್ಲ. ಮೂರು ದಿನದ ಹಿಂದೆ, ನೀರಿಳಿದು ತಲೆಯೆತ್ತಿದ್ದ ಮುಳುಗಡೆ ಗುಡಿಯ ಕಂಬದ ಗೂಡಿನಲ್ಲಿ ಈ ರೆಕಾರ್ಡರ್ ಶಿವಲೀಲಾಳ ಕೈಗೆ ಸಿಕ್ಕಿತ್ತು.

ಅದರ ಚೀಲದೊಳಗೆ ಅಪ್ಪನ ಕಿವಿಯ ಯಂತ್ರವೂ ಇತ್ತು. ಈಗ ಅದು ಅವಳ ಪರ್ಸಿನಲ್ಲಿದೆ.

ಕೊಟ್ಟೂರಿನಲ್ಲಿ ಮೈಕ್‌ಸೆಟ್ ಅಂಗಡಿ ನಡೆಸುವ ಹೆಂಗಸು ಪತ್ತೇದಾರಿಕೆಗೆ ಇಳಿದಳೆಂದರೆ ಯಾರಾದರೂ ನಗುತ್ತಾರೆ. ನಗಲಿ. ಮದುವೆ ಮಂಟಪದಲ್ಲಿ ಕಣ್ಣು ಮುಚ್ಚಿ ನಿಂತು, ನಲವತ್ತು ಸ್ಪೀಕರ್ ಪೆಟ್ಟಿಗೆಗಳಲ್ಲಿ ಯಾವುದು ಒಡಕು ದನಿ ಕೊಡುತ್ತಿದೆ ಎಂದು ಹೇಳಬಲ್ಲವಳು ಅವಳು. ಆ ಕಿವಿ ಅಪ್ಪನಿಂದ ಬಂದದ್ದು. ಅಪ್ಪನ ಕಿವಿ ಮಾತ್ರ ಐದು ವರ್ಷದಿಂದ ಒಂದೊಂದೇ ಸದ್ದನ್ನು ಬಿಟ್ಟುಕೊಡುತ್ತಾ ಬಂದಿತ್ತು. ಮೊದಲು ಗುಬ್ಬಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮಗಳ ದನಿ.

ಕಿವಿ ಮಂದವಾದಷ್ಟೂ ಅಪ್ಪನ ಗಂಟಲು ದೊಡ್ಡದಾಯಿತು. ಅವರು ಗುಟ್ಟು ಹೇಳಿದರೆ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ನಿವೃತ್ತಿಯ ಹಣದಲ್ಲಿ ರೆಕಾರ್ಡರ್ ಕೊಂಡು ಊರೂರು ತಿರುಗಿದರು. ಕೊಟ್ಟೂರಿನ ರೈಲ್ವೆ ಗೇಟು, ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವವರ ಬೆಳಗಿನ ಮಾತು, ಹೊಳಲಿನ ಅನಂತಶಯನ ಗುಡಿಯೊಳಗಿನ ನಿಶ್ಶಬ್ದ, ಎಲ್ಲವನ್ನೂ ಹಿಡಿದಿಟ್ಟರು. “ಪೂರ್ತಿ ಕೇಳಿಸದಂಗ ಆದಮ್ಯಾಗ ನೆನಪು ಮಾಡ್ಕೊಳ್ಳಾಕ ಬೇಕಲ್ಲವಾ,” ಎನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ರೆಕಾರ್ಡರನ್ನು ಕಲ್ಲಿನ ಸಂದಿಯಲ್ಲಿ ಇಟ್ಟು, ಕಿವಿಯ ಯಂತ್ರ ಬಿಚ್ಚಿ, ಹತ್ತು ಹೆಜ್ಜೆ ಆಚೆ ಹೋಗಿ ಕಣ್ಣು ಮುಚ್ಚಿ ಕೂರುವುದು. ಯಂತ್ರ ಕಿವಿಯಲ್ಲಿದ್ದರೆ ಅದು ಕುಯ್ಯೆಂದು ಸೀಟಿ ಹಾಕಿ ರೆಕಾರ್ಡಿಂಗ್ ಕೆಡಿಸುತ್ತಿತ್ತು. ಮನೆಗೆ ಬಂದ ಮೇಲೆ ದೊಡ್ಡ ಹೆಡ್‌ಫೋನಿನಲ್ಲಿ, ಪೂರ್ತಿ ದನಿ ಏರಿಸಿ, ತಾವು ಕೂತಿದ್ದ ಜಾಗವನ್ನು ಕೇಳುತ್ತಿದ್ದರು.

ಆ ಸಂಜೆಯೂ ಹಾಗೇ ಕೂತಿದ್ದರು. ಅವರಿಗೆ ಕೇಳಿಸದ್ದು ಮೆಷಿನ್ನಿಗೆ ಕೇಳಿಸಿತ್ತು.

ಶಿವಲೀಲಾ ಅದನ್ನು ಅರವತ್ತು ಸಲವಾದರೂ ಕೇಳಿದ್ದಾಳೆ. ಐದನೇ ನಿಮಿಷಕ್ಕೆ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು. ಯಾರೋ ಸಲಾಕಿಯಿಂದ ಗುಡಿಯ ಮೆಟ್ಟಿಲು ಮೀಟುತ್ತಿದ್ದಾರೆ. ಆರನೇ ನಿಮಿಷಕ್ಕೆ ಕುರಿಗಂಟೆಗಳು ಗಾಬರಿಯಿಂದ ಚೆಲ್ಲಾಪಿಲ್ಲಿ. ಕೂಡಲೇ ಒಂದು ಕೂಗು. ಆಮೇಲೆ ನಾಲ್ಕು ನಿಮಿಷ ನೀರು, ಗಾಳಿ. ಹತ್ತು ನಿಮಿಷ ಇಪ್ಪತ್ತು ಸೆಕೆಂಡಿಗೆ, ದಡದಲ್ಲಿ ಒಣಗಿ ಬಿರಿದ ಮಣ್ಣಿನ ಹಕ್ಕಳೆ ಕಾಲಡಿ ಮುರಿಯುತ್ತದೆ. ರೆಕಾರ್ಡರಿಗೆ ತೀರಾ ಹತ್ತಿರದಲ್ಲಿ ಒಂದು ಪಿಸುಮಾತು.

“ಮೇಷ್ಟ್ರೇ.”

ಹನ್ನೊಂದು ಸೆಕೆಂಡು ಬಿಟ್ಟು ಮತ್ತೊಮ್ಮೆ, “ಮೇಷ್ಟ್ರೇ.”

ಕರೆದವನಿಗೆ ಉತ್ತರ ಬೇಕಾಗಿರಲಿಲ್ಲ. ಮೇಷ್ಟ್ರ ಕಿವಿಯಲ್ಲಿ ಯಂತ್ರ ಇದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದ, ಅಷ್ಟೇ. ಅದಾದ ಮೇಲಿನ ಸದ್ದನ್ನು ಶಿವಲೀಲಾ ಒಂದೇ ಸಲ ಕೇಳಿದ್ದಳು.

ಪಿಸುಮಾತಿನಲ್ಲಿ ಮನುಷ್ಯನ ಗುರುತು ಸಿಗುವುದಿಲ್ಲ. ಆದರೆ ಆ ಕೂಗು ಬೇರೆ. ಕೂಡ್ಲಿಗಿ ಕಡೆಯ ಕುರಿಗಾರ ಅಂಜಿನೇಯಲು ಅದನ್ನು ಕೇಳಿ, ಹೆಡ್‌ಫೋನ್ ತೆಗೆದು ನೆಲಕ್ಕಿಟ್ಟಿದ್ದ. “ಇವ ಕುರುಬರ ಮನ್ಯಾಗ ಹುಟ್ಟಿದಾವ್ರಿ. ಕುರಿ ನೀರಿಗೆ ಬೀಳ್ತಾವ ಅಂದಕೂಡ್ಲೆ ಬಾಯಿ ತಡೀದಂಗ ಕೂಗ್ಯಾನ. ಒಬ್ಬೊಬ್ಬರ ಮನೀದು ಒಂದೊಂದು ಕೂಗು. ಮಂದಿ ಕುರಿ ನಮ್ಮ ಕುರಿ ಕೂಡಬಾರದಲ್ರಿ, ಅದಕ್ಕ. ಒಬ್ಬರ ಕೂಗು ಇನ್ನೊಬ್ಬರು ಕೂಗಂಗಿಲ್ಲ.”

“ಇದು ಯಾರ ಮನೀದು?”

“ನನಗ ತಿಳೀವಲ್ದು. ಮಂದೀನ ಕೇಳಬ್ಯಾಡ್ರಿ, ಗೊತ್ತಿದ್ರೂ ಹೇಳಂಗಿಲ್ಲ. ಹಟ್ಟಿಗೆ ಹೋಗಿ ಕುರಿ ಮುಂದ ಹಚ್ರಿ. ಮತ್ತ ಇದರ ಸುದ್ದಿ ಯಾರ ಕಿವಿಗೂ ಹಾಕಬ್ಯಾಡ್ರಿ.”

ಅವಳು ಯಾರಿಗೂ ಹೇಳಿರಲಿಲ್ಲ. ಆರು ವರ್ಷದಿಂದ ಅಂಗಡಿಯಲ್ಲಿ ಮೈಕ್ ಆಪರೇಟರಾಗಿರುವ ಹೊನ್ನೂರಸ್ವಾಮಿಗೂ ಹೇಳಿರಲಿಲ್ಲ. ಪಾಪ, ಮೇಷ್ಟ್ರಿಗಾಗಿ ಅತ್ತವರಲ್ಲಿ ಅವನೇ ಮೊದಲಿಗ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿನ್ನೀರಿಗಿಳಿದು ಎರಡು ದಿನ ಹುಡುಕಿದ್ದ. “ಆ ಕಡಿ ಇನ್ನ ಹೋಗಬ್ಯಾಡ್ರಿ ಅಕ್ಕಾ, ನೋಡಿದಷ್ಟೂ ಸಂಕಟ,” ಎಂದು ಕೈಮುಗಿದಿದ್ದ. ಈವತ್ತು ಅವನು ಹರಪನಹಳ್ಳಿಯ ಮದುವೆಗೆ ಮೈಕ್ ಕಟ್ಟಲು ಹೋದದ್ದನ್ನು ನೋಡಿಯೇ ಶಿವಲೀಲಾ ಸ್ಕೂಟರ್ ಹೊರಡಿಸಿದ್ದಳು.

ನಾಲ್ಕು ಹಟ್ಟಿ ಮುಗಿದಿದ್ದವು. ಎಲ್ಲಿಯೂ ಒಂದು ಕುರಿ ಕಿವಿ ನಿಮಿರಿಸಿರಲಿಲ್ಲ. ಇದು ಐದನೆಯದು, ಹಂಪಸಾಗರದಿಂದ ಮೂರು ಮೈಲಿ ದೂರದ ಒಂಟಿ ಮನೆ. ದ್ಯಾಮಕ್ಕ ಯಾರು ಏನು ಎಂದು ಕೇಳದೆ ಮಜ್ಜಿಗೆ ಕೊಟ್ಟಿದ್ದಳು. “ಹಕ್ಕಿ ಸಪ್ಪಳ, ಕುರಿ ಸಪ್ಪಳ ಕೂಡಿಸ್ತೀನ್ರಿ,” ಎಂದಾಗ ನಕ್ಕು, ಎಲೆಯಡಿಕೆ ಚೀಲ ಬಿಚ್ಚಿ ಕೂತಿದ್ದಳು.

ಸ್ಪೀಕರಿನಲ್ಲಿ ಕಬ್ಬಿಣ ಕಲ್ಲಿಗೆ ಬಡಿಯಿತು. ಟಣ್. ಮತ್ತೆ ಟಣ್. ಮೂರನೆಯದು ಮಾತ್ರ ಟೊಳ್ಳಾಗಿ ಕೇಳಿತು.

ಗಂಟೆಗಳು ಚೆಲ್ಲಾಪಿಲ್ಲಿಯಾದವು. ಆ ಗದ್ದಲದ ಮೇಲೆ ತೆಳ್ಳಗೆ, ಉದ್ದಕ್ಕೆ ಆ ಕೂಗು ಎದ್ದಿತು.

“ಹುರ್ರ್‌ರಾ... ಹುಯ್, ಹುಯ್.” ಕೊನೆಗೆ ನಾಲಿಗೆಯಿಂದ ಎರಡು ಸಲ ಲೊಚಗುಟ್ಟಿದ ಸದ್ದು.

ಬೇವಿನ ಕೆಳಗೆ ಒಂದು ಟಗರು ತಲೆ ಎತ್ತಿತು. ಅದರ ಪಕ್ಕದ್ದು ಎತ್ತಿತು. ಆಮೇಲೆ ಇಡೀ ಹಿಂಡು ಬಿಸಿಲಿಗೆ ಬಂತು. ಅಂಗಳ ದಾಟಿ, ಒರಳುಕಲ್ಲನ್ನು ಸುತ್ತುವರಿದು, ಸ್ಪೀಕರಿಗೆ ಮೂತಿ ತಾಗಿಸಿ ನಿಂತಿತು.

ಇಷ್ಟು ದಿನ ಇದೇ ಬೇಕೆಂದು ಅಲೆದ ಶಿವಲೀಲಾಗೆ ಈಗ ಎದ್ದು ಓಡಿಹೋಗಬೇಕೆನ್ನಿಸಿತು. ದ್ಯಾಮಕ್ಕನ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಉಳಿದಿತ್ತು.

“ಈ ಕೂಗು ನಿಮ್ಮ ಮನೀದು, ಅವ್ವಾ.”

“ಕುರಿಗೇನು ತಿಳೀತೈತಿ. ಯಾವ ಸಪ್ಪಳ ಆದ್ರೂ ಬರ್ತಾವ.”

“ನಾಕು ಹಟ್ಟ್ಯಾಗ ಹಚ್ಚಿ ಬಂದೀನಿ. ಒಂದೂ ಬರಲಿಲ್ಲ.”

ದ್ಯಾಮಕ್ಕ ಎಲೆಯನ್ನು ಬಾಯಿಗಿಟ್ಟುಕೊಂಡಳು. ಅಗಿಯಲಿಲ್ಲ. “ನನ್ನ ಗಂಡನ ಕೂಗು ಅದು. ಅವ ಹೋಗಿ ಹನ್ನೆರಡು ವರ್ಸ ಆತು.”

“ಇದು ಒಂಬತ್ತು ದಿನದ ಹಿಂದಿಂದು. ಸತ್ತೋರು ಕೂಗಂಗಿಲ್ಲ. ಮತ್ತ ಯಾರಿಗೆ ಬರ್ತೈತಿ?”

“ನನಗ ಬರ್ತೈತಿ.”

“ಇದು ಗಂಡಸಿನ ದನಿ. ನಿಮಗ ಮಕ್ಕಳು?”

“ನನಗ ಮಗ ಇಲ್ಲ.”

ಮಕ್ಕಳು ಎಂದರೆ ಹೆಣ್ಣೂ ಸೇರುತ್ತದೆ. ಮುದುಕಿ ಮಗ ಎಂದಷ್ಟೇ ಹೇಳಿದ್ದು ಶಿವಲೀಲಾಗೆ ತಟ್ಟಿತು. ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಬಂದಾಗಿನಿಂದ ಅಲ್ಲಿ ಏನೋ ಒಂದು ಅವಳನ್ನು ಕಾಡುತ್ತಿತ್ತು. ಬಾಗಿಲ ಪಕ್ಕದ ಗೂಟಕ್ಕೆ ಕುರಿ ಕಟ್ಟುವ ಉದ್ದನೆಯ ಹಗ್ಗ ತೂಗುಹಾಕಿತ್ತು.

ಕುರಿಗಾರರು ಹಗ್ಗವನ್ನು ಮೊಣಕೈಗೆ ಸುತ್ತಿ ಗಂಟು ಬಿಗಿಯುತ್ತಾರೆ. ಈ ಹಗ್ಗದ ಸುರುಳಿ ಹಾಗಿರಲಿಲ್ಲ. ಒಂದು ಸುತ್ತು ಹೊರಗಿನಿಂದ, ಒಂದು ಸುತ್ತು ಒಳಗಿನಿಂದ, ಎಸೆದರೆ ಎಲ್ಲೂ ತೊಡಕಾಗದೆ ಬಿಚ್ಚಿಕೊಳ್ಳುವ ಹಾಗೆ. ಮೈಕಿನ ವಯರು ಸುತ್ತುವವರು ಮಾತ್ರ ಹಾಗೆ ಸುತ್ತುತ್ತಾರೆ. ಅದನ್ನು ಅವಳಿಗೆ ಅಪ್ಪ ಕಲಿಸಿದ್ದರು. ಅವಳು ಒಬ್ಬನಿಗೆ ಮಾತ್ರ ಕಲಿಸಿದ್ದಳು.

ಅಪ್ಪ ಯಾವಾಗ ಕಿವಿಯ ಯಂತ್ರ ಬಿಚ್ಚುತ್ತಾರೆ ಎಂದು ಅವನಿಗೆ ಗೊತ್ತು. ಆ ಗುಡಿಯ ಮೂರನೇ ಮೆಟ್ಟಿಲು ಟೊಳ್ಳು ದನಿ ಕೊಡುತ್ತಿತ್ತೆಂದು ಮುಳುಗಡೆ ಊರಿನ ಮುದುಕಿಯೊಬ್ಬಳು ನೆನಪಿಸಿಕೊಂಡದ್ದನ್ನು ಅಪ್ಪ ರೆಕಾರ್ಡ್ ಮಾಡಿ ತಂದು ಅಂಗಡಿಯಲ್ಲೇ ಹಚ್ಚಿ ಕೇಳಿಸಿದ್ದರು. ಆ ದನಿ ಹಿಡಿಯಬೇಕೆಂದೇ ಅಪ್ಪ ಹೋದದ್ದು. ಕೇಳುತ್ತಾ ಪಕ್ಕದಲ್ಲಿ ಕೂತಿದ್ದವನು ಅದರ ಕೆಳಗೆ ನಿಧಿ ಇರಬಹುದೆಂದು ಲೆಕ್ಕ ಹಾಕಿದ್ದ. ಮೀಟುವಾಗ ಅಪ್ಪ ಕಣ್ಣು ಬಿಟ್ಟು ನೋಡಿಬಿಟ್ಟರೆ ಎಂದು ಹೆದರಿ ಅವರ ಹಿಂದೆ ಬಂದಿದ್ದ.

“ಹೊನ್ನೂರಸ್ವಾಮಿ,” ಎಂದಳು ಶಿವಲೀಲಾ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. “ನಿಮ್ಮ ಮಗ ಹೊನ್ನೂರಸ್ವಾಮಿ. ಆರು ವರ್ಸದಿಂದ ನನ್ನ ಅಂಗಡ್ಯಾಗ ಅದಾನ. ತಾಯಿ ತೀರಿಕೊಂಡಾಳ ಅಂತ ಹೇಳ್ಯಾನ.”

ಸ್ಪೀಕರಿನಲ್ಲಿ ನೀರು ದಡಕ್ಕೆ ಬಡಿಯುತ್ತಲೇ ಇತ್ತು. ಎಂಟನೇ ನಿಮಿಷ ನಡೆದಿತ್ತು.

“ಹಂಗಂದನೇನು,” ಎಂದಳು ದ್ಯಾಮಕ್ಕ. “ನನ್ನ ತಿಥಿಗೆ ರಜಾ ಹಾಕ್ತಾನೇನು?”

“ಹಾಕ್ತಾನ್ರಿ. ವರ್ಸಾ, ಮಾನೌಮಿ ಅಮಾಸಿಗೆ.”

“ಅವತ್ತ ಇಲ್ಲಿಗೇ ಬರ್ತಾನ. ಹೋಳಿಗಿ ಉಂಡು, ಕಾಲಿಗೆ ಬಿದ್ದು ಹೋಗ್ತಾನ.” ಅವಳು ಎಲೆಯನ್ನು ಉಗುಳಿದಳು. ಕಣ್ಣು ಒದ್ದೆಯಾಗಿರಲಿಲ್ಲ, ಮುಖ ಮಾತ್ರ ಒಮ್ಮೆಲೇ ಇಳಿದುಹೋಗಿತ್ತು. “ನಾನೂ ನಿನಗ ಮಗ ಇಲ್ಲ ಅಂದ್ನಲ್ಲ ಯವ್ವಾ. ಇಬ್ಬರದೂ ಒಂದ ಆತು.”

“ಅವ ನಮ್ಮಪ್ಪನ್ನ ಏನ್ ಮಾಡ್ಯಾನ, ಹೇಳ್ರಿ.”

“ಅವತ್ತ ಕುರಿ ತಾನ ಮೇಸಾಕ ಒಯ್ತೀನಿ ಅಂದ. ನನಗ ಸಂತೋಷ ಆತು. ಹೊತ್ತು ಮುಣುಗಿದ್ರೂ ಬರಲಿಲ್ಲಂತ ನಾನ ಹೊಳಿ ಕಡಿ ಹೋದೆ. ಕುರಿ ತಾವ ತಿರುಗಿ ಬರಾಕ ಹತ್ತಿದ್ವು. ಇವ ದಂಡ್ಯಾಗಿಂದ ಓಡಿ ಹೋಗೋದು ಕಂಡೆ. ಕೂಗಿದೆ, ನಿಲ್ಲಲಿಲ್ಲ. ಹೋಗಿ ನೋಡಿದ್ರ ನೀರಾಗ ಒಬ್ಬರು ಗುಡಿ ಕಂಬ ತಬ್ಬಿಕೊಂಡಿದ್ರು.”

ಶಿವಲೀಲಾ ಮುದುಕಿಯ ಹತ್ತಿರಕ್ಕೆ ಸರಿದಳು.

“ಕಂಬಳ್ಯಾಗ ಹಾಕಿ ಎಳಕೊಂಡು ಮನಿಗೆ ತಂದೆ. ಕಾಲು ಮುರದಿತ್ತು. ಬಿದಿರಿನ ದಬ್ಬಿ ಇಟ್ಟು ಕಟ್ಟೀನಿ. ತಲ್ಯಾಗಿನ ಗಾಯ ಮಾಯ್ದೈತಿ.”

“ಅದಾರೇನ್ರಿ?” ಎಂದು ಅವಳು ಕೇಳಿದಳು.

“ಅದಾರ. ಒಳಗಿನ ಖೋಲ್ಯಾಗ. ಯಾರು ದಬ್ಬಿದ್ರು ಅನ್ನೋದು ಅವರಿಗೆ ತಿಳಿದಂಗಿಲ್ಲ. ಹೊಳ್ಳಿ ಕಳಿಸಿದ್ರ ಎಲ್ಲಾ ಹೊರಗ ಬರ್ತೈತಿ, ಮಗ ಜೇಲಿಗೆ ಹೋಗ್ತಾನ. ಸಾಯಾಕ ಬಿಡೂಣು ಅಂದ್ರ ಕೈ ಬರಲಿಲ್ಲ. ನನ್ನ ಮಗ ಅವರು ಮುಣುಗಿ ಸತ್ತಾರ ಅಂತ ತಿಳಕೊಂಡಾನ. ತಿಳಕೊಳ್ಳಲಿ ಅಂತ ಸುಮ್ಮನಿದ್ದೆ.” ಅವಳು ಎಲೆಯಡಿಕೆ ಚೀಲದ ಒಳಗಿಸೆಗೆ ಕೈಹಾಕಿ, ಮಡಚಿದ ಕಾಗದದ ಚೂರುಗಳ ಒಂದು ಕಟ್ಟು ತೆಗೆದಳು. “ಮಾತಾಡಿದ್ರ ಹೊರಗ ಕೇಳ್ತೈತಿ ಅಂತ ನಾ ಅವರ ಬಾಯಿ ಮುಚ್ಚಸೀನಿ, ಅದಕ್ಕ ದಿನಾ ಬರದು ಬರದು ಕೊಡ್ತಾರ. ನಾ ಹೇಳಿದ್ದು ಅವರಿಗೆ ಕೇಳಂಗಿಲ್ಲ. ಅವರು ಬರದದ್ದು ನನಗ ಓದಾಕ ಬರಂಗಿಲ್ಲ. ಯಾರಿಗೆ ತೋರಸ್ಲಿ? ನೀನ ಓದು.”

ಅಪ್ಪನ ದುಂಡು ಅಕ್ಷರ. ಮೊದಲ ಚೀಟಿಯಲ್ಲಿ ಕೊಟ್ಟೂರಿನ ವಿಳಾಸ, ಅವಳ ಫೋನ್ ನಂಬರು. ಎರಡನೆಯದರಲ್ಲಿ, “ತಾಯಿ, ನೀರು ಕೊಟ್ಟಿದ್ದಕ್ಕೆ ನಮಸ್ಕಾರ. ನನ್ನ ಮಗಳು ಲೀಲಾ ಗಾಬರಿಯಾಗಿರುತ್ತಾಳೆ.” ಮೂರನೆಯದರ ಮೇಲೆ ಎರಡು ಗೆರೆ ಎಳೆದಿತ್ತು.

“ಮಗಳು ಹೆದರುವಳು. ಮೊದಲು ನಮ್ಮ ಹೊನ್ನೂರನನ್ನು ಕರೆಸಿ. ಅವನು ನಂಬಿಕಸ್ಥ. ನನ್ನನ್ನು ಎತ್ತಿಕೊಂಡು ಹೋಗುತ್ತಾನೆ.”

ಶಿವಲೀಲಾಗೆ ಓದಿದ್ದು ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಉಳಿದ ಚೀಟಿಗಳನ್ನೂ ಬಿಡಿಸಿದಳು. ನಾಲ್ಕರಲ್ಲಿ ಅದೇ ಹೆಸರು ಇತ್ತು.

ಆಗ ಕುರಿಗಳು ತಿರುಗಿದವು.

ಸ್ಪೀಕರಿನ ಸುತ್ತ ನಿಂತಿದ್ದ ಇಡೀ ಹಿಂಡು ಬೇಲಿಯ ಕಡೆ ಮುಖ ಮಾಡಿತು. ಶಿವಲೀಲಾಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಡ್ಡಿನ ಆಚೆಯಿಂದ ಗಾಳಿಯ ಜೊತೆ ಅದು ತೇಲಿ ಬಂತು.

“ಹುರ್ರ್‌ರಾ... ಹುಯ್, ಹುಯ್.”

ಈ ಸಲ ಅದು ಮೆಷಿನ್ನಿನೊಳಗಿಂದ ಬಂದದ್ದಲ್ಲ. ಮಲಗಿದ್ದ ನಾಯಿ ಎದ್ದು, ಬೊಗಳದೆ, ಬಾಲ ಆಡಿಸುತ್ತಾ ಓಡಿತು. ಕುರಿಗಳು ಗಂಟೆ ಬಾರಿಸುತ್ತಾ ಅದರ ಹಿಂದೆ ಹೊರಟವು.

“ಮನಿಗೆ ಬರುವಾಗ ಒಡ್ಡಿನಿಂದ ಕೂಗ್ತಾನ, ಸಣ್ಣವ ಇದ್ದಾಗಿಂದ ಹಂಗ,” ಎಂದಳು ದ್ಯಾಮಕ್ಕ. “ಈವತ್ತ ಬರಾವಲ್ಲ.”

“ಹರಪನಹಳ್ಳ್ಯಾಗ ಇರಬೇಕಾಗಿತ್ತು.”

“ನಿನ್ನ ಗಾಡಿ ಎಲ್ಲಿ ಐತಿ?”

ಸ್ಕೂಟರ್ ಬೇಲಿಯ ಹೊರಗೆ, ದಾರಿಗೇ ನಿಂತಿತ್ತು. ಮುಂದಿನ ತಗಡಿನ ಮೇಲೆ ಅಂಗಡಿಯ ಹೆಸರು ಇತ್ತು. ಬರೆದವನು ಅವನೇ.

ದ್ಯಾಮಕ್ಕ ಅವಳ ರಟ್ಟೆ ಹಿಡಿದು ಬಾಗಿಲೊಳಗೆ ನೂಕಿದಳು. “ಒಳಗ ನಡಿ. ನಾ ಏನರೆ ಹೇಳಿ ಕಳಸ್ತೀನಿ. ಅವರ ಬಾಯಿ ಮುಚ್ಚಸು. ಮಾತಾಡಿದ್ರ ಹೊಲದ ತನಕ ಕೇಳ್ತೈತಿ.”

ಪಡಸಾಲೆ ದಾಟುವಾಗ ಶಿವಲೀಲಾಗೆ ನೆನಪಾಯಿತು. ರೆಕಾರ್ಡರ್ ಒರಳುಕಲ್ಲಿನ ಮೇಲೆಯೇ ಇದೆ. ಓಡುತ್ತಿದೆ. ಹತ್ತು ನಿಮಿಷ ದಾಟಿರಬೇಕು.

ಹಿಂದಿರುಗಲು ಹೊತ್ತಿರಲಿಲ್ಲ. ಗಂಟೆಗಳು ಅಂಗಳಕ್ಕೆ ಬಂದಾಗಿತ್ತು.

ಒಳಕೋಣೆಯಲ್ಲಿ ಉಣ್ಣೆಯ ವಾಸನೆ, ಅರೆಗತ್ತಲು. ಅಂಗಳಕ್ಕೆ ಮುಖ ಮಾಡಿದ ಗೇಣಗಲದ ಒಂದು ಕಿಂಡಿ, ಅದರ ಪಕ್ಕ ಕಂಬಳಿಯ ಮೇಲೆ ಅಪ್ಪ. ಗಡ್ಡ ಬೆಳೆದಿತ್ತು, ಕಾಲಿಗೆ ಬಿದಿರು ಕಟ್ಟಿತ್ತು. ಕಣ್ಣು ಮುಚ್ಚಿ, ಗೋಡೆಗೆ ಅಂಗೈ ಒತ್ತಿ, ಕುರಿಗಳ ಕಾಲಿನ ನಡುಕವನ್ನು ಕೈಯಿಂದ ಕೇಳುತ್ತಿದ್ದರು.

ಅವಳು ಮೊಣಕಾಲೂರಿದಳು. ಅಪ್ಪ ಕಣ್ಣು ಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಅವಳು ತುಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದಳು. ಅಪ್ಪ ಸುಮ್ಮನಾದರು. ಅವರ ಕೈ ಅವಳ ತಲೆಯ ಮೇಲೆ ಬಂತು.

ಹೊರಗೆ ಹೊನ್ನೂರಸ್ವಾಮಿಯ ದನಿ ಕೇಳಿಸಿತು, ದಿನಾ ಅಂಗಡಿಯಲ್ಲಿ ಕೇಳುವ ಅದೇ ವಿನಯದ ದನಿ. “ಅಕ್ಕನ ಗಾಡಿ ಹೊರಗ ಐತಲ್ಲವ್ವಾ. ಅಕ್ಕ ಎಲ್ಲಿ?”

“ಯಾವ ಅಕ್ಕ? ಯಾರೋ ನೀರು ಕುಡದು ಹೊಳಿ ಕಡಿ ಹೋದ್ರು.”

ಆಗ ಸ್ಪೀಕರಿನಲ್ಲಿ ಒಣಮಣ್ಣಿನ ಹಕ್ಕಳೆ ಮುರಿಯಿತು.

“ಮೇಷ್ಟ್ರೇ.”

ಶಿವಲೀಲಾ ತನಗರಿವಿಲ್ಲದೆ ಎಣಿಸತೊಡಗಿದಳು. ಒಂದು, ಎರಡು, ಮೂರು. ಹನ್ನೊಂದಕ್ಕೆ ಇನ್ನೊಂದು ಬರಬೇಕು. ಅವನ ಚಪ್ಪಲಿ ಒರಳುಕಲ್ಲಿನ ಕಡೆ ನಡೆಯಿತು. ಆರು, ಏಳು.

ಏಳಕ್ಕೆ ಸ್ಪೀಕರ್ ನಿಂತಿತು.

ಪರ್ಸಿನಲ್ಲಿದ್ದ ಕಿವಿಯ ಯಂತ್ರಕ್ಕೆ ಅವಳು ಕೈಹಾಕಿದಳು. ಅದನ್ನು ತೊಡಿಸಿ, ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದರೆ ಸಾಕು. ಜಿಪ್ ಸಿಕ್ಕಿಕೊಂಡು ಬಿಚ್ಚಲಿಲ್ಲ.

ತಲೆಯ ಮೇಲಿದ್ದ ಅಪ್ಪನ ಕೈ ಸರಿಯಿತು. ಅವಳು ತಲೆ ಎತ್ತಿದಳು. ಅಪ್ಪ ಅವಳನ್ನು ನೋಡುತ್ತಿರಲಿಲ್ಲ. ಕಿಂಡಿಯಾಚೆ ನೋಡುತ್ತಿದ್ದರು. ಅಲ್ಲಿ ಬಿಸಿಲಿನಲ್ಲಿ, ಅವರ ಕಳೆದುಹೋಗಿದ್ದ ರೆಕಾರ್ಡರನ್ನು ಕೈಯಲ್ಲಿ ಹಿಡಿದು ಹೊನ್ನೂರ ನಿಂತಿದ್ದ.

ಯಾರನ್ನು ಕರೆಸಿರೆಂದು ಒಂಬತ್ತು ದಿನದಿಂದ ಚೀಟಿ ಬರೆಯುತ್ತಿದ್ದರೋ ಅವನು ಕೊನೆಗೂ ಬಂದಿದ್ದ. ಅಪ್ಪನ ಮುಖ ಅರಳಿತು. ಅವರು ಗೋಡೆ ಹಿಡಿದು ಮೇಲಕ್ಕೆದ್ದು ಕೂತು, ಹಿಂದಿನ ಬೆಂಚಿನವರೆಗೂ ಕೇಳಿಸುವ ಹಾಗೆ ಹಾಜರಿ ಕರೆಯುವಾಗ ಮಾಡುತ್ತಿದ್ದಂತೆ ಎದೆ ತುಂಬ ಉಸಿರೆಳೆದುಕೊಂಡರು.